ಇಲಿಗಳ ವಂಶ

ಮುಬಶಿರ್ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ ಮರುವರ್ಷ ಅವನ ತಂಗಿ ಸಯೀದಾಳನ್ನು ನೋಡಲು ನರಸಿಂಹರಾಜಪುರದಿಂದ ಗಂಡಿನ ಕಡೆಯವರು ಬಂದರು. ಕೊಪ್ಪದ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಅವಳ ತಂದೆ ಗುಲಾಮ್ ಹುಸೇನ್ ಅಂದು ಅಂಗಡಿ ತೆರೆಯಲಿಲ್ಲ. ಹಿರಿಮಗಳು ರುಬೀನಾ ಮಂಗಳೂರಿನಿಂದ ರಜೆ ಹಾಕಿ ಬಂದಿದ್ದಳು. ಅಲ್ಲಿನ ಪ್ರಯೋಗಾಲಯವೊಂದರಲ್ಲಿ ಅವಳು ಇಲಿಗಳಿಗೆ ಬರುವ ರಕ್ತದ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ತಮ್ಮನನ್ನು ಮಣ್ಣು ಮಾಡಿದ ವಾರಕ್ಕೇ ವಾಪಸು ಹೋಗಿ ಇಲಿಗಳ ರಕ್ತ ತೆಗೆದವಳು.

ಸಯೀದಾ ಚಹಾ ಕೊಟ್ಟು ಒಳಗೆ ಹೋದಳು. ಹುಡುಗನ ತಾಯಿ ರುಬೀನಾಳತ್ತ ತಿರುಗಿದರು.

"ನೀವು ಓದಿದವ್ರು, ಇಲಿಗಳ ಮೇಲೆ ಕೆಲಸ ಮಾಡ್ತೀರಂತೆ, ಬೇಜಾರು ಮಾಡ್ಕೊಬೇಡಿ. ಆ ಕಾಯಿಲೆ ವಂಶದಲ್ಲಿ ಬರುತ್ತಾ?"

"ಮನುಷ್ಯರಲ್ಲಿ ಸಾಮಾನ್ಯವಾಗಿ ಹಂಗೆ ಬರಲ್ಲ."

"ನಿಮ್ಮ ಇಲಿಗಳಲ್ಲಿ?"

ರುಬೀನಾ ಪಾಠ ಒಪ್ಪಿಸುವಂತೆ ಹೇಳಿದಳು. "ಒಂದು ತಳಿಯಲ್ಲಿ ಬರುತ್ತೆ. ವೈರಸ್ ಅವುಗಳ ವಂಶದಲ್ಲೇ ಇರುತ್ತೆ, ಅವುಗಳ ಮೈಯೇ ಅದನ್ನ ತಯಾರು ಮಾಡುತ್ತೆ. ಬೇರೆ ತಳಿ ಜೊತೆ ಕೂಡಿಸಿದ್ರೆ ಮರಿಗಳಲ್ಲಿ ವೈರಸ್ಸೂ ಕಡಿಮೆ, ಕಾಯಿಲೇನೂ ಕಡಿಮೆ. ಆದ್ರೆ ಅದನ್ನ ಮನುಷ್ಯರಿಗೆ ಹಾಗೇ ಹೇಳಕ್ಕಾಗಲ್ಲ."

ಕೊನೆಯ ಮಾತು ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ. ಆಕೆ ಮಗನ ಮುಖ ನೋಡಿದರು. ಬಿಸ್ಕತ್ತಿನ ತಟ್ಟೆಗೆ ಯಾರೂ ಕೈ ಹಾಕಲಿಲ್ಲ.

ಸಂಜೆ ಗಂಡಿನ ಕಡೆಯಿಂದ ಸಂಬಂಧ ಬೇಡವೆಂದು ಫೋನ್ ಬಂತು. ಗುಲಾಮ್ ಹುಸೇನ್ "ಆಯ್ತು, ಆಯ್ತು" ಎಂದಷ್ಟೇ ಹೇಳಿ ಇಟ್ಟರು.

"ಇಲಿ ವಿಷ್ಯ ಯಾಕೆ ಹೇಳ್ದೆ ಮಗಾ?"

"ಕೇಳಿದ್ರಲ್ಲ ಅಬ್ಬಾ."

ಅವರು ಬೈಯಲಿಲ್ಲ. ಬೀಗದ ಕೈ ತೆಗೆದುಕೊಂಡು ಅಂಗಡಿಗೆ ಹೊರಟರು.

ಸಯೀದಾ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ತಿರುಗದೆಯೇ ಅಕ್ಕನನ್ನು ಕೇಳಿದಳು: "ನಂಗೂ ಬರುತ್ತಾ ಆಪಾ?"

"ಇಲ್ಲ. ಬರೋ ಸಾಧ್ಯತೆ ತುಂಬಾ ಕಡಿಮೆ."

"ಭಾಯಿ ಹುಷಾರಾಗ್ತಾನೆ ಅಂತಾನೂ ನೀನೇ ಹೇಳಿದ್ದೆ."

ರುಬೀನಾ ಪಕ್ಕದಲ್ಲಿ ನಿಂತು ಒಂದೊಂದೇ ಲೋಟ ಒರೆಸಿದಳು. ಎದೆಯಲ್ಲಿ ಏನೋ ಆಗಬೇಕಿತ್ತು ಅನ್ನಿಸಿತು. ಏನೂ ಆಗಲಿಲ್ಲ.

ಬೆಳಿಗ್ಗೆ ಮಂಗಳೂರಿನ ಬಸ್ಸು ಹತ್ತಿದಳು. ಕೆರೆಕಟ್ಟೆ ದಾಟಿ ಕಾಡಿನ ದಾರಿ ಹಿಡಿದ ಮೇಲೆ ಫೋನಿಗೆ ಸಿಗ್ನಲ್ ಹೋಯಿತು. ಅವಳು ಕಣ್ಣು ಮುಚ್ಚಿಕೊಂಡಳು, ನಿದ್ದೆ ಬಂತು.

ಮುಂದಿನ ವರ್ಷ ಸಯೀದಾಳಿಗೆ ಶೃಂಗೇರಿಯ ಸಂಬಂಧ ಕೂಡಿತು. ಮಾತುಕತೆಗೆ ರುಬೀನಾಳನ್ನು ಯಾರೂ ಕರೆದಿರಲಿಲ್ಲ. ಮದುವೆಗೆ ಬಂದಳು, ಹೆಂಗಸರ ಪಂಕ್ತಿಗೆ ಬಡಿಸಿದಳು, ಮರುದಿನ ಹೊರಟುಹೋದಳು.