ಪಾಸಾದ ಕಿವಿ

ಗಾಜಿನ ಆಚೆ ಕಿವಿ ಪರೀಕ್ಷಿಸುವ ಸುಕನ್ಯ ಸದ್ದಿನ ಗುಂಡಿ ಒತ್ತಿದ ಹಾಗೆಲ್ಲ ಈಚೆ ಕುರ್ಚಿಯಲ್ಲಿ ಕೂತ ಕದಿರಪ್ಪನ ಕೈ, ಕೇಳಿಸಿತು ಎಂಬಂತೆ, ಮೇಲೇಳುತ್ತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗ ವೇಣುವಿಗೆ ಮೈಯೆಲ್ಲ ಉರಿಯಿತು. ಮೊನ್ನೆ ಡೈರಿಗೆ ಹಾಲು ಒಯ್ಯುವಾಗ ಬೆನ್ನ ಹಿಂದೆಯೇ ಲಾರಿ ಹಾರನ್ ಬಡಕೊಂಡರೂ ತಿರುಗದೆ, ಕ್ಲೀನರ್ ಇಳಿದು ಬಂದು ಪಕ್ಕಕ್ಕೆ ಎಳೆದು ಹಾಕಬೇಕಾಗಿ ಬಂದ ಅಪ್ಪ ಇವನೇನಾ?

ಗಣಿಯ ಡ್ರಿಲ್ ಸದ್ದಿಗೆ ಹಾಳಾದ ಕಿವಿಗಳ ಮೇಲೆ ಬೆಂಗಳೂರಿನವರು ಸಂಶೋಧನೆ ಮಾಡುತ್ತಿದ್ದಾರೆ, ಆಯ್ಕೆಯಾದವರಿಗೆ ಕಿವಿ ಮಿಷನ್ ಕೊಡುತ್ತಾರೆ ಎಂದು ಕೇಳಿ, ವೇಣು ಗೂಡ್ಸ್ ಆಟೋದ ಬಾಡಿಗೆ ಬಿಟ್ಟು ಅಪ್ಪನನ್ನು ಬಂಗಾರಪೇಟೆಗೆ ಎಳೆತಂದಿದ್ದ.

"ನಿಮ್ಮ ತಂದೆಗೆ ಕಿವಿ ಚೆನ್ನಾಗೇ ಇದೆಯಲ್ಲಪ್ಪ," ಎಂದಳು ಸುಕನ್ಯ.

"ಕೇಳೋದೆಲ್ಲಿ ಬಂತು ಮೇಡಂ! ನಿಮ್ ಹೆಬ್ಬೆರಳು ನೋಡ್ಕಂಡು ಕೈ ಎತ್ತಾವ್ನೆ. ಕುರ್ಚಿ ಗೋಡೆ ಕಡೆ ತಿರುಗ್ಸಿ, ಬಂಡವಾಳ ಗೊತ್ತಾಯ್ತದೆ."

ಕಿವಿ ಹೋಯಿತೆಂದು ತಿಳಿದರೆ ಡ್ರಿಲ್ ಕೆಲಸ ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆಗೆ ಕದಿರಪ್ಪ ಕೋರಮಂಡಲ್ ಚಿನ್ನದ ಗಣಿಯಲ್ಲಿದ್ದಾಗ ಕಲಿತ ವಿದ್ಯೆ ಅದು. ಗಣಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಹೆದರಿಕೆ ಬಿಟ್ಟಿರಲಿಲ್ಲ.

ಕುರ್ಚಿ ತಿರುಗಿತು. ಮುದುಕ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ಎತ್ತತೊಡಗಿದ ನೋಡಿ ಕೈ! ಸದ್ದು ಕೊಟ್ಟಾಗಲೂ, ಕೊಡದಾಗಲೂ, ಸುಕನ್ಯ ನೀರು ಕುಡಿಯುತ್ತಿದ್ದಾಗಲೂ. ಅವಳು ಮತ್ತೆ ಮತ್ತೆ ತಿಳಿಹೇಳಿದಳು. ಬರೆದೂ ತೋರಿಸಿದಳು. ಉಹುಂ.

"ಈ ಫಲಿತಾಂಶ ನಂಬೋಕಾಗಲ್ಲ. ಸಂಶೋಧನೆಗೆ ಸೇರಿಸ್ಕೊಳ್ಳೋಕೂ ಆಗಲ್ಲ."

"ಕಿವುಡ ಅಂತ ತಾನೇ ಕರ್ಕಂಡ್ ಬಂದಿರೋದು! ಕಿವುಡ ಅಂತ ಸಾಬೀತು ಮಾಡಕ್ಕೂ ಕಿವಿ ಕೇಳ್ಬೇಕಾ? ಕೈ ಎತ್ತಿಸ್ದೇ ಕಿವಿ ನೋಡೋ ಮಿಷನ್ ಇಲ್ವಾ?"

"ಬೆಂಗಳೂರಲ್ಲಿದೆ. ಅಲ್ಲಿ ಬೇರೆಯಾಗಿ ತೋರಿಸಿ. ಇಲ್ಲಿ ಆಯ್ಕೆಗೆ ಇವತ್ತೇ ಕಡೇ ದಿನ."

ವೇಣುವಿಗೆ ಆ ಗಾಜು ಒಡೆದು ಹಾಕೋಣ ಅನ್ನಿಸಿತು. ಅವಳದೇನು ತಪ್ಪು? ತಪ್ಪು ಯಾರದೂ ಅಲ್ಲದ್ದಕ್ಕೇ ಸಿಟ್ಟು ಇನ್ನೂ ಏರಿತು.

ಹೊರಗೆ ಬಂದೊಡನೆ ಕದಿರಪ್ಪ ಮಗನ ತೋಳು ಹಿಡಿದ. ಮುಖ ಅರಳಿತ್ತು. "ಏನ್ಲಾ, ಪಾಸಾದ್ನಾ? ಗೋಡೆ ಕಡೆ ತಿರುಗಿಸಿದ್ರೂ ಬಿಟ್ನಾ ನಾನು?"

ಬೈಗುಳ ವೇಣುವಿನ ನಾಲಿಗೆ ತುದಿಗೆ ಬಂದಿತ್ತು. ಆ ಮುಖ ನೋಡಿ ನುಂಗಿಕೊಂಡ.

"ಆದೆ ಕಣಪ್ಪಾ, ಆದೆ!" ಎಂದು ಕಿವಿಯ ಹತ್ತಿರ ಅರಚಿದ. "ನಾಳೆಯಿಂದ ಡೈರಿಗೆ ನಾನೇ ಓಗ್ತೀನಿ. ನೀನು ಮನೇಲಿರು."

"ಅಯ್ ಸುಮ್ಕಿರ್ಲಾ! ನೀನ್ಯಾಕೆ ಬಾಡಿಗೆ ಕೆಡಿಸ್ಕಂತೀಯ?" ಕದಿರಪ್ಪ ನಕ್ಕ. "ಕಿವಿ ಸರಿಯಾಗೇ ಅದೆ ಅಂತ ಡಾಕ್ಟ್ರಮ್ಮನೇ ಪಾಸ್ ಮಾಡವ್ಳಲ್ಲ. ಇನ್ನೇನು ಭಯ? ನಾನೇ ಓಗ್ತೀನಿ."