ಬಣ್ಣ: ಇಲ್ಲ

ಕುದಿಯುವ ಕಪ್ಪು ಬಣ್ಣದ ನೀರಿಗೆ ಇನ್ನೊಂದು ಹಿಡಿ ಉಪ್ಪು ಹಾಕಿ ಅವಳು ಕೋಟನ್ನು ಕೋಲಿನಿಂದ ತಿರುವಿದಳು. ಉಪ್ಪು ಬಿದ್ದರೆ ಹತ್ತಿ ಬಟ್ಟೆ ಬಣ್ಣವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಕ್ಕನ ಮಗ ಹಾಕಿ ಬಿಟ್ಟ ಕೋಟು. ಮೊಣಕೈ, ಕಾಲರಿನ ಹತ್ತಿರ ಕಪ್ಪು ಹೋಗಿ ಬೂದು ಬಣ್ಣಕ್ಕೆ ತಿರುಗಿತ್ತು. ಬಣ್ಣದ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಕೊಪ್ಪರಿಗೆ ಕಾದವಳಿಗೆ ಒಂದು ಕೋಟು ಯಾವ ಲೆಕ್ಕ. ಭಾನುವಾರದೊಳಗೆ ಒಣಗಬೇಕು, ಅಷ್ಟೆ.

ಭಾನುವಾರ ಮಗಳ ಕಾಲೇಜಿನಲ್ಲಿ ಚರ್ಚಾಸಭೆ. ಒಬ್ಬೊಬ್ಬ ವಿದ್ಯಾರ್ಥಿಯೂ ಒಂದೊಂದು ದೇಶದ ರಾಯಭಾರಿ. ಬಡ ದೇಶಗಳು ತಮ್ಮ ನೆಲ, ನೀರು ಕೆಡಿಸಿಕೊಳ್ಳದೆ ಬೆಳೆಯುವುದು ಹೇಗೆ ಎಂಬುದು ವಿಷಯ. ಮನೆಯಲ್ಲಿ ಗುಬ್ಬಿ ಎಂದು ಕರೆಸಿಕೊಳ್ಳುವ ಮಗಳಿಗೆ ಚೀಟಿಯಲ್ಲಿ ಬಂದದ್ದು ನದಿಯ ಕೆಳದಂಡೆಯ ಪುಟ್ಟ ದೇಶ. ಮೇಲಿನ ದೇಶದ ಬಣ್ಣದ ಕಾರ್ಖಾನೆಗಳ ಕೊಳೆ ನೀರೆಲ್ಲ ಹರಿದು ಬರುವುದು ಅಲ್ಲಿಗೇ. ಆ ಕಾರ್ಖಾನೆಗಳನ್ನು ಮುಚ್ಚಿಸಿ ಎಂದು ಗುಬ್ಬಿ ಕೇಳಬೇಕು. ಆ ಸಭೆಯಲ್ಲಿ ಯಾರೂ ತಮ್ಮ ಸ್ವಂತದ ಮಾತು ಆಡುವಂತಿಲ್ಲ, ಸಿಕ್ಕ ದೇಶದ ಮಾತನ್ನೇ ಆಡಬೇಕು.

ಮೂರು ದಿನದಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಭ್ಯಾಸ ನಡೆದಿತ್ತು. ‘ಇಂಥ ಕಾರ್ಖಾನೆಗಳನ್ನು ಕೂಡಲೇ ಮುಚ್ಚಬೇಕು’ ಎಂಬ ಸಾಲಿಗೆ ಬಂದೊಡನೆ ಗುಬ್ಬಿಯ ಕಣ್ಣು ತಾಯಿಯ ಉಗುರುಗಳ ಮೇಲೆ ಬೀಳುತ್ತಿತ್ತು. ಎಷ್ಟು ತಿಕ್ಕಿದರೂ ಹೋಗದ ನೀಲಿ. ಮಾತು ಅಲ್ಲೇ ಕಚ್ಚಿಕೊಳ್ಳುತ್ತಿತ್ತು.

“ದೇಶ ಉದ್ಧಾರ ಮಾಡೋಕೆ ಹೊರಟೋಳು ಮೊದಲು ತಲೆ ಬಾಚ್ಕೋ,” ಎಂದು ಬಟಾಣಿ ಸುಲಿಯುತ್ತ ಕೂತಿದ್ದ ಅತ್ತೆ ಮೊಮ್ಮಗಳನ್ನು ಕೆಣಕಿದರು.

ಗುಬ್ಬಿ ನಗಲಿಲ್ಲ. ಹಾಳೆ ಮಡಚಿಕೊಂಡು ಒಲೆಯ ಹತ್ತಿರ ಬಂದಳು. “ಅಮ್ಮ, ನಿಮ್ಮ ಕಾರ್ಖಾನೇಲಿ ನೀರು ಶುದ್ಧ ಮಾಡೋ ತೊಟ್ಟಿ ಇದ್ಯಾ?”

“ಇದೆ.”

“ದಿನಾ ನಡಿಯುತ್ತಾ?”

ಕೋಲು ಒಂದು ಸುತ್ತು ಹೆಚ್ಚೇ ತಿರುಗಿತು. “ನಡಿಯುತ್ತೆ,” ಎಂದಳು. ಕೋಟನ್ನು ಹಿಂಡಿ ನೆರಳಲ್ಲಿ ಹರವಿ, ಉಳಿದ ಕಪ್ಪು ನೀರನ್ನು ಮೋರಿಗೆ ಸುರಿದಳು.

ತೊಟ್ಟಿ ಇದ್ದದ್ದು ನಿಜ. ಅದರ ಮೋಟಾರು ಸುಟ್ಟು ಎಂಟು ತಿಂಗಳಾಗಿತ್ತು. ಅಂದಿನಿಂದ ಕೊಪ್ಪರಿಗೆಯ ನೀರು ನೇರ ಹಿಂದಿನ ಕಾಲುವೆಗೆ ಹೋಗುತ್ತಿತ್ತು, ಒಂದು ದಿನ ಕೆಂಪಾಗಿ, ಒಂದು ದಿನ ನೀಲಿಯಾಗಿ. ಹೊರಬಿಟ್ಟ ನೀರನ್ನು ದಿನಾ ನೋಡಿ ಬರೆದಿಡುವ ಪುಸ್ತಕ ಅವಳ ಸುಪರ್ದಿಯಲ್ಲಿತ್ತು. ಬಣ್ಣ: ಇಲ್ಲ. ವಾಸನೆ: ಇಲ್ಲ. ಕೆಳಗೆ ಅವಳ ಸಹಿ. ಆ ವಾರದ ಆರು ದಿನದ್ದನ್ನೂ ಸೋಮವಾರ ಬೆಳಿಗ್ಗೆಯೇ ಬರೆದು ಮುಗಿಸುವುದು ಮೇಸ್ತ್ರಿ ಹೇಳಿಕೊಟ್ಟ ಉಪಾಯ. ದಿನಾ ಬರೆದಂತೆ ಕಾಣಲೆಂದು ಒಂದು ದಿನದ ಚೌಕಕ್ಕೆ ನೀಲಿ ಪೆನ್ನು, ಮುಂದಿನದಕ್ಕೆ ಕಪ್ಪು ಪೆನ್ನು. ಒಂದೇ ಸಲಕ್ಕೆ ಮುಗಿಸಿಬಿಟ್ಟರೆ ವಾರಕ್ಕೆ ಒಂದೇ ಸುಳ್ಳಾಯಿತಲ್ಲ ಎಂದು ಅವಳೂ ಸಮಾಧಾನ ಮಾಡಿಕೊಂಡಿದ್ದಳು. ಮೊದಲು ಆ ಪುಸ್ತಕ ನೋಡಿಕೊಳ್ಳುತ್ತಿದ್ದ ಗೆಳತಿ, ಮೋಟಾರು ಸುಟ್ಟ ವಾರ ತಕರಾರು ತೆಗೆದಿದ್ದಳು. ಮರುವಾರ ಅವಳು ಕೆಲಸದಲ್ಲಿರಲಿಲ್ಲ.

ಭಾನುವಾರ ಅವಳು ಸಭಾಂಗಣದ ಕೊನೆಯ ಸಾಲಿನಲ್ಲಿ, ಕೈಗಳನ್ನು ಚೀಲದ ಕೆಳಗೆ ಇಟ್ಟುಕೊಂಡು ಕೂತಳು. ಗುಬ್ಬಿ ತೊಟ್ಟಿದ್ದ ಕೋಟಿನ ಕಪ್ಪು ಚೆನ್ನಾಗಿ ಕೂತಿತ್ತು. ಅಷ್ಟು ದೂರದಿಂದಲೂ ಅವಳು ಮೊದಲು ನೋಡಿದ್ದು ಮೊಣಕೈಯನ್ನೇ.

ಮೇಲ್ದಂಡೆಯ ದೇಶದ ಹುಡುಗ ಚುರುಕಾಗಿ ಮಾತಾಡಿದ. ಕಾರ್ಖಾನೆಗಳಿಂದ ಸಾವಿರಾರು ಹೆಂಗಸರ ಮನೆಯ ಒಲೆ ಉರಿಯುತ್ತಿದೆ, ನೀರು ಶುದ್ಧ ಮಾಡುವ ತೊಟ್ಟಿಗಳನ್ನು ದಿನಾ ನಡೆಸುವುದು ಬಡ ದೇಶಕ್ಕೆ ಆಗದ ಮಾತು ಎಂದ. ಅವನು ಹೇಳಿದ್ದು ತನ್ನದೇ ಮಾತು ಎನ್ನಿಸಿ ಅವಳು ತಲೆದೂಗುವುದರಲ್ಲಿದ್ದಳು. ಅಷ್ಟರಲ್ಲಿ ಗುಬ್ಬಿ ಎದ್ದಳು.

ಓದುತ್ತ ಓದುತ್ತ ಅದೇ ಸಾಲಿಗೆ ಬಂದು ನಿಂತಳು. ಗುಬ್ಬಿ ಹಾಳೆಯನ್ನು ಮೇಜಿನ ಮೇಲಿಟ್ಟಳು.

“ಮುಚ್ಚಿ ಅಂತ ನಮ್ಮ ದೇಶ ಕೇಳಲ್ಲ. ತೊಟ್ಟಿ ನಡೆಸಿ ಅಂತ ಕೇಳುತ್ತೆ. ಆಗಲ್ಲ ಅಂತೀರಿ. ನನಗೆ ಗೊತ್ತಿರೋ ಒಂದು ಕಾರ್ಖಾನೇಲಿ ದಿನಾ ನಡೆಸ್ತಾರೆ. ನಮ್ಮಮ್ಮ ಅಲ್ಲೇ ಕೆಲಸ ಮಾಡೋದು.”

ಅಧ್ಯಕ್ಷತೆ ವಹಿಸಿದ್ದ ಹುಡುಗಿ ಮೇಜು ತಟ್ಟಿ, ರಾಯಭಾರಿಗಳಿಗೆ ಅಮ್ಮ ಇರುವುದಿಲ್ಲ ಎಂದಳು. ಎಲ್ಲರೂ ನಕ್ಕರು. ಆಮೇಲೆ ಚಪ್ಪಾಳೆ ಬಿತ್ತು, ಮೇಲ್ದಂಡೆಯ ಹುಡುಗನೂ ತಟ್ಟಿದ. ಕೊನೆಯ ಸಾಲಿನಲ್ಲಿ ಎರಡು ಕೈಗಳು ಮಾತ್ರ ಚೀಲದ ಕೆಳಗೇ ಇದ್ದವು.

ಬಹುಮಾನ ಬೇರೆ ದೇಶಕ್ಕೆ ಹೋಯಿತು. ಬಸ್ಸಿನಲ್ಲಿ ಗುಬ್ಬಿ ತಾಯಿಯ ಹೆಗಲಿಗೆ ಒರಗಿದಳು. ‘ನಮ್ಮಮ್ಮ’ ಅಂದದ್ದಕ್ಕೆ ಅಂಕ ಕಳೆದರಂತೆ.

“ಮತ್ತೆ ಯಾಕೆ ಹೇಳೋಕೆ ಹೋದೆ?”

“ಪುಸ್ತಕದಲ್ಲಿ ಓದಿದ್ದು ಎಲ್ಲರ ಹತ್ರಾನೂ ಇತ್ತು. ನೀನು ಹೇಳಿದ್ದು ನನ್ನ ಹತ್ರ ಮಾತ್ರ ಇತ್ತು,” ಎಂದು ಗುಬ್ಬಿ ಕಣ್ಣು ಮುಚ್ಚಿದಳು.

ತಾಯಿಯ ನಾಲಿಗೆಯ ತುದಿಗೆ ಏನೋ ಬಂತು. ಹೆಗಲ ಮೇಲಿನ ತಲೆಯ ಭಾರ ಹಿತವಾಗಿತ್ತು. ಬಂದದ್ದನ್ನು ನುಂಗಿಕೊಂಡು, ಮಗಳ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಅಂಗೈ ಅಡ್ಡ ಹಿಡಿದಳು. ಇಳಿಯುವ ತನಕ ಕೈ ತೆಗೆಯಲಿಲ್ಲ.

ಮನೆಗೆ ಬಂದು ಕೋಟನ್ನು ಗೂಟಕ್ಕೆ ಹಾಕಿ, ಗುಬ್ಬಿ ಅದರೊಳಗೆ ತೊಟ್ಟಿದ್ದ ಬಿಳಿ ಅಂಗಿಯ ಕಾಲರನ್ನು ಬೆಳಕಿಗೆ ಹಿಡಿದು ನೋಡಿದಳು. ಬೆವರಿನ ಗೆರೆ ಬಿಟ್ಟರೆ ಒಂದು ಕಪ್ಪು ಚುಕ್ಕೆಯೂ ಇಲ್ಲ. ಬಣ್ಣ ಬಿಟ್ಟಿರಲಿಲ್ಲ.

ಆಮೇಲೆ ನಾಳೆಯ ಚೀಲ ತೆಗೆದಳು. ಊಟದ ಡಬ್ಬಿ, ಕೈಯೊರೆಸುವ ಬಟ್ಟೆ, ಎರಡು ಪೆನ್ನು. ನಾಳೆ ಬರೆಯುವುದು ಸೋಮವಾರದ ಒಂದೇ ಚೌಕ, ಅದನ್ನೂ ಸಂಜೆ, ಕಾಲುವೆಯ ಬಾಯಿಗೆ ಹೋಗಿ ನೀರು ನೋಡಿಕೊಂಡು ಬಂದ ಮೇಲೆ. ಕಂಡ ಬಣ್ಣದ ಹೆಸರನ್ನೇ ಬರೆಯುವುದು. ಮೇಸ್ತ್ರಿ ಏನೆಂದಾನು ಎಂಬುದು ಗೊತ್ತಿದ್ದದ್ದೇ.

“ಅಷ್ಟೊತ್ತಿಂದ ಏನೇ ಹುಡುಕ್ತಿದ್ದೀಯ?” ಅತ್ತೆ ಒಳಗಿನಿಂದ ಕೇಳಿದರು.

“ಏನಿಲ್ಲ ಅತ್ತೆ,” ಎಂದು ಕಪ್ಪು ಪೆನ್ನನ್ನು ಚೀಲದಿಂದ ತೆಗೆದು ಗುಬ್ಬಿಯ ಪುಸ್ತಕಗಳ ನಡುವೆ ಇಟ್ಟಳು.