ಫಿತಿತೊ ಹೊತ್ತ ಸ್ಕೀ

"ಏನೋ ಎಲ್ವಿಯೊ, ನಿಮ್ಮಮ್ಮ ಬಟ್ಟೆ ಒಣಗಿಸೋ ಹಗ್ಗಾನೂ ಬಿಚ್ಕೊಂಡು ಬಂದ್ಬಿಟ್ಯಾ?"

ಲಾ ಓಯಾ ಬೆಟ್ಟದ ಬುಡದಲ್ಲಿ, ಹಿಮದಲ್ಲಿ ಜಾರದಿರಲೆಂದು ಗಾಲಿಗೆ ಸರಪಳಿ ಕಟ್ಟುತ್ತಿದ್ದವರೆಲ್ಲ ತಲೆಯೆತ್ತಿ ನಕ್ಕರು. ಕೇಳಿದವನು ದೋನ್ ಬಾಸ್ಸಿ. ಅವನ ಹೊಸ ಪಿಕಪ್ಪಿನ ನೆತ್ತಿಯ ಮೇಲೆ ಬೀಗ ಜಡಿದ ಕರಿ ಪೆಟ್ಟಿಗೆ, ಒಳಗೆ ಮಗನ ಸ್ಕೀ. ಎಲ್ವಿಯೊನ ಮುದಿ ಫಿತಿತೊ ಕಾರಿನ ನೆತ್ತಿಯ ಮೇಲೋ, ಮಡಿಸಿದ ಕಂಬಳಿ, ಅದರ ಮೇಲೆ ತಂಗಿ ರಾಯೆನಳ ಸ್ಕೀ, ಕಿಟಕಿಯಿಂದ ಕಿಟಕಿಗೆ ಬಿಗಿದ ಹಗ್ಗ. ಹಗ್ಗ ನಿಜಕ್ಕೂ ಅಮ್ಮನದೇ. ಎರಡು ಕ್ಲಿಪ್ಪು ಇನ್ನೂ ಅದನ್ನು ಕಚ್ಚಿಕೊಂಡಿದ್ದವು. ಸುಳ್ಳು ಹೇಳಿ ಬೈದರೆ ತಡೆದುಕೊಳ್ಳಬಹುದು, ನಿಜ ಹೇಳಿ ಬೈದರೆ ಮೈ ಉರಿಯುತ್ತದೆ.

"ನಿಮ್ಮ ಪೆಟ್ಟಿಗೇಲಿ ಯಾರ ಹೆಣ ಇದೆ, ದೋನ್?"

"ಖಾಲಿ ಜಾಗ ಇಟ್ಟಿದೀನಿ ಕಣೋ, ನಿನ್ ಕಾರಿಗೆ!"

ಮತ್ತೆ ನಗು. ಎಲ್ವಿಯೊ ಹಗ್ಗ ಕಿತ್ತು ಹಳ್ಳಕ್ಕೆ ಎಸೆದ. ದೊಡ್ಡ ಕಾರಿನವರ ಹಾಗೆ ಸ್ಕೀಗಳನ್ನು ಹಿಂಬದಿಗೆ ನೆಟ್ಟಗೆ ನಿಲ್ಲಿಸಿ ರಬ್ಬರ್ ಪಟ್ಟಿಯಲ್ಲಿ ಬಿಗಿದ.

"ಲೇ, ಅದು ಎಂಜಿನ್ ಮುಚ್ಚಳ ಕಣೋ," ಎಂದಳು ರಾಯೆನ್. "ಏರಲ್ಲಿ ತೆರೆದಿಡಬೇಕಲ್ವಾ?"

"ಬಾಯ್ಮುಚ್ಚಿ ಹತ್ತು."

"ಹತ್ತು ಗಂಟೆಗೆ ನಂಬರ್ ಕೊಡೋದು ನಿಲ್ಲಿಸ್ತಾರೆ. ತಪ್ಪಿದ್ರೆ ಈ ವರ್ಷ ನಂಗೆ ರೇಸೇ ಇಲ್ಲ, ನೆನಪಿರಲಿ."

ಫಿತಿತೊಗೆ ಎಂಜಿನ್ ಇರುವುದು ಬೆನ್ನಲ್ಲಿ. ಗಾಳಿಯಾಡಲೆಂದು ಮುಚ್ಚಳದ ಸಂದಿಗೆ ಸೌದೆ ತುಂಡು ಸಿಕ್ಕಿಸಿಯೇ ಏರು ಹತ್ತಬೇಕೆಂಬುದು ಎಸ್ಕೆಲ್ ಊರಿನ ನಾಯಿಗೂ ಗೊತ್ತು. ಎಲ್ವಿಯೊಗೂ ಗೊತ್ತಿತ್ತು. ಸಿಟ್ಟಿಗೆ ಗೊತ್ತಿರಲಿಲ್ಲ.

ಮೂರನೇ ತಿರುವಿನಲ್ಲಿ ಕಾರು ಬುಸುಗುಟ್ಟಿ ನಿಂತಿತು. ಆವಿಯೋ ಆವಿ! ಬಾಸ್ಸಿ ಪೀಂ ಪೀಂ ಎಂದು ಹಾರ್ನ್ ಬಾರಿಸುತ್ತ ಪಕ್ಕದಲ್ಲೇ ದಾಟಿ ಹೋದ.

ರಾಯೆನ್ ಇಳಿದು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕುದ್ದಿದ್ದು ಎಂಜಿನ್ ಅಲ್ಲ ಕಣೋ, ನೀನು!"

ಅವನಿಗೂ ನಗು ತಡೆಯಲಾಗಲಿಲ್ಲ. ಸ್ಕೀ ಬಿಚ್ಚಿದರು. ಮುಚ್ಚಳ ತೆಗೆದು ಎಂಜಿನ್ ಆರಲು ಬಿಟ್ಟರು. ರೇಡಿಯೇಟರಿನ ನೀರೆಲ್ಲ ಕುದ್ದು ಹೋಗಿತ್ತು; ಕಾದದ್ದಕ್ಕೆ ಹಿಮ ಸುರಿದರೆ ಬಿರುಕು ಬಿಟ್ಟೀತು. ಬಿಸಿನೀರಿದ್ದದ್ದು 'ಮಾತೆ' ಎಂಬ ಸೊಪ್ಪಿನ ಚಹಾ ಹೀರಲು ತಂದ ಫ್ಲಾಸ್ಕಿನಲ್ಲಿ ಮಾತ್ರ.

"ಪೂರ್ತಿ ಹಾಕ್ತೀಯಾ?" ಅವಳ ಮುಖ ಬಾಡಿತು.

"ಒಂದು ಗುಟುಕೂ ಬಿಡಲ್ಲ."

ಮುಚ್ಚಳದ ಸಂದಿಗೆ ಸೌದೆ ಸಿಕ್ಕಿಸಿದ. ನೆತ್ತಿಗೆ ಕಟ್ಟಲು ಹಗ್ಗವಿಲ್ಲ. ಪಕ್ಕದ ಸೀಟು ಮುಂದಕ್ಕೆ ಮಡಚಿ, ಸ್ಕೀಗಳ ಬಾಲವನ್ನು ಕಾಲಿಡುವ ಜಾಗಕ್ಕೆ ತೂರಿಸಿ, ತುದಿಯನ್ನು ಹಿಂದಿನ ಗಾಜಿಗೆ ಒರಗಿಸಿದ. ಉಳಿದ ಮೂಲೆಯಲ್ಲಿ ರಾಯೆನ್ ಮುದುರಿ ಕೂತು ಅವನ್ನು ತಬ್ಬಿ ಹಿಡಿದಳು. "ಮದುವೆ ಆದ್ಮೇಲೂ ಯಾರನ್ನೂ ಇಷ್ಟು ಬಿಗಿಯಾಗಿ ಹಿಡ್ಕೊಳಲ್ಲ ಕಣೋ, ಬೇಗ ನಡಿ!"

ಮೇಲೆ ತಲುಪಿದಾಗ ನಂಬರ್ ಕೊಡುವವಳು ಮೇಜು ಮಡಚುತ್ತಿದ್ದಳು. ರಾಯೆನ್ ಭಾರದ ಬೂಟಿನಲ್ಲಿ ದಡಬಡ ಓಡಿದಳು.

"ಬಂತಪ್ಪ, ಬಾಲ ಎತ್ಕೊಂಡು!" ಬಾಸ್ಸಿ ಹಿಂದಿನ ಮುಚ್ಚಳ ಎತ್ತಿಕೊಂಡಿದ್ದ ಫಿತಿತೊ ಕಡೆ ಕೈ ತೋರಿಸಿ ಹತ್ತು ಜನರ ನಡುವಿನಿಂದ ಕೂಗಿದ. "ಮೊಟ್ಟೆ ಇಡತ್ತೇನೋ ನಿನ್ ಕೋಳಿ?"

ಎಲ್ವಿಯೊನ ನಾಲಿಗೆ ತುದಿಗೆ ಒಂದು ಉತ್ತರ ಬಂತು. ಎಂಥ ಉತ್ತರ! ಕೇಳಿದ್ದರೆ ಬಾಸ್ಸಿ ಆ ಚಳಿಗಾಲವಿಡೀ ಬೆಟ್ಟ ಹತ್ತುತ್ತಿರಲಿಲ್ಲ.

"ಸಿಕ್ತು! ಮೂವತ್ತೊಂದು!" ಅತ್ತಲಿಂದ ರಾಯೆನ್ ಕಿರುಚಿದಳು. "ಸ್ಕೀ ತಾರೋ!"

ಎಲ್ವಿಯೊ ಸ್ಕೀಗಳನ್ನು ಹೆಗಲಿಗೇರಿಸಿಕೊಂಡು ಬಾಸ್ಸಿಯನ್ನು ದಾಟಿ ಬಿರಬಿರನೆ ನಡೆದ.